ಪಾರ್ಕಿಂಗಿಗೆ ಜಾಗ ಹೋದರೆ ಬಾಡಿಗೆ ಅಂಗಡಿಯವರ ಗತಿಯೇನು?

ಮಂಗಳೂರಿನ ಹಂಪನಕಟ್ಟೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಮಿಲಾಗ್ರಿಸ್ ಚರ್ಚಿಗೆ ಮದುವೆಗೆಂದು ಹೋದಾಗಲೆಲ್ಲ ನಾವು ಇದನ್ನೇ ಹೇಳಿಕೊಳ್ಳುತ್ತೇವೆ. ಸಮೀಪದ ಹಳೆ ಬಸ್ ನಿಲ್ದಾಣದ ಸಾರ್ವಜನಿಕ ಜಾಗವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಬಹುಮಹಡಿ ಪಾರ್ಕಿಂಗಿಗೆ ಆರಿಸಲಾಯಿತು. ಆದರೆ ಪೇಟೆಯೊಳಗೆ ಖಾಸಗಿ ಜಾಗವೇ ಬೇಕಾದರೆ?

ಆಗ 2013ರ ಭೂಸ್ವಾಧೀನ ಕಾಯ್ದೆ ಅನ್ವಯಿಸುತ್ತದೆ. ಜಾಗದ ಮಾರುಕಟ್ಟೆ ಬೆಲೆಗೆ ಕಟ್ಟಡ, ಮರಗಳ ಬೆಲೆ ಕೂಡಿಸಿ, ಅಷ್ಟೇ ಮೊತ್ತವನ್ನು ಮತ್ತೊಮ್ಮೆ ಸೇರಿಸಿ ಮಾಲೀಕರಿಗೆ ಕೊಡಬೇಕು. ಮಾಲೀಕರು ಒಪ್ಪಿದರೆ ಹಣದ ಬದಲು ಟಿಡಿಆರ್ ಪತ್ರವೂ ಉಂಟು. ಅದರಿಂದ ಬೇರೆ ಕಡೆ ಹೆಚ್ಚುವರಿ ಕಟ್ಟಡ ಕಟ್ಟಬಹುದು, ಇಲ್ಲವೇ ಪತ್ರವನ್ನು ಮಾರಬಹುದು. ಬಾಡಿಗೆದಾರರಿಗೆ ಆ ಪತ್ರದಲ್ಲಿ ಪಾಲಿಲ್ಲ.

ನಮ್ಮ ಎಷ್ಟೋ ಕುಟುಂಬಗಳು ಬದುಕು ಕಟ್ಟಿಕೊಂಡದ್ದು ಬಾಡಿಗೆ ಕೋಣೆಯ ಟೈಲರ್ ಅಂಗಡಿ, ಬೇಕರಿಗಳಲ್ಲಿ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲೇ ದುಡಿದು, ಅದೇ ಮುಖ್ಯ ಜೀವನೋಪಾಯವಾಗಿದ್ದರೆ, ಜಾಗವಿಲ್ಲದ ಕುಟುಂಬವೂ 'ಬಾಧಿತ ಕುಟುಂಬ'ವೇ. ಸ್ಥಳಾಂತರಗೊಳ್ಳುವ ಸಣ್ಣ ವ್ಯಾಪಾರಿಗೆ ಕಾಯ್ದೆ ಹೇಳುವ ಒಂದು ಬಾರಿಯ ನೆರವು ಕನಿಷ್ಠ 25,000 ರೂಪಾಯಿ. ಪೇಟೆಯಲ್ಲಿ ಹೊಸ ಅಂಗಡಿಯ ಮುಂಗಡಕ್ಕೂ ಅದು ಸಾಲದು, ನಿಜ. ಆದರೂ ಹಕ್ಕು ಹಕ್ಕೇ.

ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಆಕ್ಷೇಪಣೆಯನ್ನು ಬರವಣಿಗೆಯಲ್ಲೇ ಸಲ್ಲಿಸಬೇಕು. ಸ್ವತಃ ಅಥವಾ ವಕೀಲರ ಮೂಲಕ ಮಾತನಾಡಲು ಅವಕಾಶ ಕೊಡಲೇಬೇಕು. ಪಾರ್ಕಿಂಗಿಗೆ ಇದೇ ಜಾಗ ಏಕೆ, ಇಷ್ಟು ಜಾಗ ಏಕೆ ಎಂದೂ ಅಲ್ಲಿ ಕೇಳಬಹುದು. ಬಾಡಿಗೆ ಕರಾರು, ರಶೀದಿ, ವ್ಯಾಪಾರ ಪರವಾನಗಿ, ಕರೆಂಟ್ ಬಿಲ್ಲು ಇವನ್ನು ಈಗಿನಿಂದಲೇ ಜೋಪಾನವಾಗಿಡಿ. ಬಾಯಿಮಾತಿನ ಬಾಡಿಗೆಯಾದರೆ ಮಾಲೀಕರಿಂದ ಇಂದೇ ಚೀಟಿ ಬರೆಸಿಕೊಳ್ಳಿ.