ಗಲ್ಲೆಯ ಮುಂದಿನ ಗಿರಾಕಿ, ಮೊಬೈಲಿನೊಳಗಿನ ಗಿರಾಕಿ

ಇಪ್ಪತ್ತು ವರ್ಷಗಳ ಹಿಂದೆ ಪುಣೆಯ ಯಾವುದೇ ಉಡುಪಿ ಹೋಟೆಲಿಗೆ ಬೆಳಗ್ಗೆ ಏಳು ಗಂಟೆಗೆ ಹೋದರೂ ಗಲ್ಲೆಯ ಪಕ್ಕದಲ್ಲಿ ಒಂದು ‘ಸಕಾಳ್’ ಪತ್ರಿಕೆ ಕಾಣಸಿಗುತ್ತಿತ್ತು. ಒಂಬತ್ತು ಗಂಟೆಯಾಗುವಷ್ಟರಲ್ಲಿ ಅದು ಹಾಳೆ ಹಾಳೆಯಾಗಿ ನಾಲ್ಕು ಟೇಬಲ್‌ಗಳಿಗೆ ಹಂಚಿಹೋಗಿರುತ್ತಿತ್ತು. ಕ್ರಿಕೆಟ್ ಪುಟದ ಮೇಲೆ ಸಾಂಬಾರಿನ ಕಲೆ ಖಾಯಂ. ಅರ್ಧ ಕಪ್ ಚಹಾಕ್ಕೆ ಮುಕ್ಕಾಲು ಗಂಟೆ ಕೂರುವ ನಿವೃತ್ತ ಮಾಸ್ತರರು ಆ ದಿನದ ಸುದ್ದಿಯನ್ನು ಪಕ್ಕದವರಿಗೆ ಓದಿ ಹೇಳುತ್ತಿದ್ದರು. ಬಾಗಿಲ ಬಳಿ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಫೋನ್. ನಮ್ಮ ಹುಡುಗರು ರಾತ್ರಿ ಕೆಲಸ ಮುಗಿಸಿ ಅಲ್ಲಿಂದಲೇ ಗೆಳೆಯರಿಗೆ, ನೆಂಟರಿಗೆ ಫೋನ್ ಮಾಡುತ್ತಿದ್ದರು.

ಇಂದು ಅದೇ ಟೇಬಲಿನಲ್ಲಿ ನಾಲ್ವರು ಕೂತರೆ ನಾಲ್ಕು ಮೊಬೈಲ್. ಮಾಣಿ ನೀರಿಟ್ಟು ಆರ್ಡರಿಗಾಗಿ ನಿಂತಿದ್ದರೂ ತಲೆ ಎತ್ತುವವರಿಲ್ಲ. ದೋಸೆ ಬಂದರೆ ಮೊದಲು ಫೋಟೋ, ಆಮೇಲೆ ತುತ್ತು. ಅಷ್ಟರಲ್ಲಿ ದೋಸೆ ಮೆತ್ತಗಾಗಿರುತ್ತದೆ, ದೂರು ಮಾತ್ರ ನಮ್ಮ ಭಟ್ಟರ ಮೇಲೆ! ಇದನ್ನು ಹೇಳಿ ನಾವೆಲ್ಲರೂ ನಗುತ್ತೇವೆ. ಆದರೆ ಗಿರಾಕಿ ನಮ್ಮ ಬಾಗಿಲಿಗೆ ಬರುವ ಮೊದಲೇ ಅವನ ಅಭಿಪ್ರಾಯ ಬೇರೆ ಯಾರದೋ ಅಂಗಡಿಯಲ್ಲಿ ತಯಾರಾಗುತ್ತಿದೆ. ಈ ಸಂಗತಿಯನ್ನು ಉದ್ಯಮ ಬಾಂಧವರು ಸ್ವಲ್ಪ ಗಂಭೀರವಾಗಿ ಯೋಚಿಸಬೇಕಾಗಿದೆ.

ನಮ್ಮ ಹಿರಿಯರಿಗೆ ಹೆಸರು ಬಂದದ್ದು ಬಾಯಿಂದ ಬಾಯಿಗೆ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಪುಣೆಯ ಮನೆಮಾತಾಗಿಸಿ 2023ರ ನವೆಂಬರ್‌ನಲ್ಲಿ ನಮ್ಮನ್ನಗಲಿದ ಕಾರ್ಕಳ ಕಡೆಯ ಜಗನ್ನಾಥ ಶೆಟ್ಟರ ಉದಾಹರಣೆ ಎಲ್ಲರಿಗೂ ಗೊತ್ತಿದೆ. ಕಾಲೇಜು ಹುಡುಗರು ಅಲ್ಲಿ ಎಸ್‌ಪಿಡಿಪಿ ತಿಂದು ಹೋಗಿ ಹಾಸ್ಟೆಲಿನಲ್ಲಿ ಹೇಳಿದರು. ಅವರೇ ಮುಂದೆ ಮಕ್ಕಳನ್ನು ಕರೆದುಕೊಂಡು ಬಂದರು. ಹಾಗೆ ಹೆಸರಾಗಲು ಅರ್ಧ ಶತಮಾನ ಬೇಕಾಯಿತು. ಅದನ್ನು ಕೆಡಿಸಲು ಒಂದು ರಾತ್ರಿ ಸಾಕಾಗುತ್ತಿರಲಿಲ್ಲ. ಈಗಿನ ಲೆಕ್ಕ ಬೇರೆ.

ಈ ಹೊಸ ಅಂಗಡಿ ಹೇಗೆ ಹುಟ್ಟಿತೆಂದು ತಿಳಿದರೆ ಆಶ್ಚರ್ಯವಾಗುತ್ತದೆ. ದೆಹಲಿಯ ಒಂದು ಕಂಪೆನಿಯಲ್ಲಿ ನೌಕರಿಯಲ್ಲಿದ್ದ ದೀಪಿಂದರ್ ಗೋಯಲ್ ಮತ್ತು ಪಂಕಜ್ ಛಡ್ಡಾ, ಊಟದ ಹೊತ್ತಿಗೆ ಸಹೋದ್ಯೋಗಿಗಳು ಹೋಟೆಲುಗಳ ಮೆನು ಕಾರ್ಡಿಗಾಗಿ ಸಾಲು ನಿಲ್ಲುವುದನ್ನು ಕಂಡು, ಆ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು. 2008ರಲ್ಲಿ ಅದರ ಹೆಸರು ಫುಡೀಬೇ. 2010ರಲ್ಲಿ ಜೊಮ್ಯಾಟೊ ಆಯಿತು. ಮನೆಗೆ ಊಟ ಮುಟ್ಟಿಸುವ ಕೆಲಸ ಶುರುಮಾಡಿದ್ದು 2015ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2014ರಲ್ಲಿ, ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ ಸ್ವಿಗ್ಗಿ ಹುಟ್ಟಿಕೊಂಡಿತ್ತು. ಅಂದರೆ ಮೊದಲ ಬಂಡವಾಳ ನಮ್ಮದೇ ಮೆನು ಕಾರ್ಡು. ನಾವು ಪ್ರಿಂಟ್ ಹಾಕಿಸಿ ಪುಕ್ಕಟೆ ಹಂಚಿದ್ದು!

ಮೊದಮೊದಲು ನಮ್ಮವರಲ್ಲಿ ಬಹಳ ಮಂದಿ ಇದನ್ನು ಹಚ್ಚಿಕೊಳ್ಳಲಿಲ್ಲ. ‘ನಮ್ಮ ಹೋಟೆಲು ತುಂಬಿದೆ, ಪಾರ್ಸೆಲಿನ ಗೊಡವೆ ಯಾಕೆ’ ಎಂಬ ಮಾತು ಕೇಳಿಬರುತ್ತಿತ್ತು. 2020ರ ಮಾರ್ಚ್ ಆ ಮಾತನ್ನು ನಿಲ್ಲಿಸಿತು. ಲಾಕ್‌ಡೌನ್ ಬಂದು ಟೇಬಲುಗಳನ್ನು ಮಡಚಿಟ್ಟೆವು, ಹುಡುಗರು ಊರಿಗೆ ಹೋದರು, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮಹಾರಾಷ್ಟ್ರದಲ್ಲಿ ಅರ್ಧ ಆಸನಗಳೊಂದಿಗೆ ಹೋಟೆಲು ತೆರೆಯಲು ಅನುಮತಿ ಸಿಕ್ಕಿದ್ದು ಆ ವರ್ಷದ ಅಕ್ಟೋಬರ್ 5ರಂದು. ಅಲ್ಲಿಯ ತನಕ, ಮತ್ತೆ 2021ರ ಏಪ್ರಿಲ್‌ನ ನಂತರ, ಒಲೆ ಉರಿಸಿದ್ದು ಪಾರ್ಸೆಲ್. ಬೇಕೋ ಬೇಡವೋ ಎಲ್ಲರ ಗಲ್ಲೆಯ ಮೇಲೂ ಒಂದು ಟ್ಯಾಬ್ ಬಂದು ಕೂತಿತು. ಆ ದಿನಗಳಲ್ಲಿ ಅದು ನಮ್ಮನ್ನು ಉಳಿಸಿತು ಎಂಬುದನ್ನು ಒಪ್ಪಿಕೊಳ್ಳದೆ ಬೈಯುವುದು ನ್ಯಾಯವಲ್ಲ.

ಆದರೆ ಉಳಿಸಿದ ಸಾಲಕ್ಕೆ ಬಡ್ಡಿ ಎಷ್ಟೆಂದು ನೋಡೋಣ. ನೂರು ರೂಪಾಯಿಯ ಮಸಾಲೆ ದೋಸೆ ಎಂದಿಟ್ಟುಕೊಳ್ಳಿ. ಕಮಿಷನ್ ಹೋಟೆಲಿನಿಂದ ಹೋಟೆಲಿಗೆ ವ್ಯತ್ಯಾಸವಾಗುತ್ತದೆ. ಶೇ. 25 ಎಂದು ಹಿಡಿದರೆ 25 ರೂಪಾಯಿ ಹೋಯಿತು. ಆ ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 4.50 ರೂಪಾಯಿ. 2017ರ ನವೆಂಬರ್ 15ರಿಂದ ನಮ್ಮಂತಹ ಹೋಟೆಲುಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲದ ಶೇ. 5ರ ಪದ್ಧತಿ ಬಂದಿರುವುದರಿಂದ ಈ ನಾಲ್ಕೂವರೆ ರೂಪಾಯಿ ಮರಳಿ ಸಿಗುವುದಿಲ್ಲ. ಉಳಿದದ್ದು 70.50. ಡಬ್ಬಿ, ಚಟ್ನಿ ಸಾಂಬಾರಿನ ಎರಡು ಪೊಟ್ಟಣ, ಚೀಲ ಸೇರಿ ಆರು ರೂಪಾಯಿ ಎಂದರೆ 64.50. ಇದರಲ್ಲಿ ಅಕ್ಕಿ, ಉದ್ದು, ಎಣ್ಣೆ, ಗ್ಯಾಸ್, ಸಂಬಳ, ಬಾಡಿಗೆ. ರಿಯಾಯಿತಿ, ಜಾಹೀರಾತಿನ ಕಡಿತ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 2022ರ ಜನವರಿ 1ರಿಂದ ಆನ್‌ಲೈನ್ ಆರ್ಡರಿನ ಶೇ. 5 ತೆರಿಗೆಯನ್ನು ಆ ಕಂಪೆನಿಗಳೇ ಸರಕಾರಕ್ಕೆ ಕಟ್ಟುತ್ತವೆ. ಅಷ್ಟರ ಮಟ್ಟಿಗೆ ನಮ್ಮ ತಲೆನೋವು ಕಡಿಮೆ. ಆದರೆ ಆ ವ್ಯಾಪಾರವನ್ನು ನಮ್ಮ ರಿಟರ್ನಿನಲ್ಲಿ ಪ್ರತ್ಯೇಕವಾಗಿ ತೋರಿಸುವುದನ್ನು ಕೆಲವರು ಇನ್ನೂ ಮರೆಯುತ್ತಿದ್ದಾರೆ. ನಿಮ್ಮ ಸಿಎ ಅವರನ್ನು ಒಮ್ಮೆ ಕೇಳಿ.

ದುಡ್ಡಿಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಗಿರಾಕಿ ಯಾರವನು? ಹಿಂದೆ ಗಲ್ಲೆಯಲ್ಲಿ ಕೂತವನಿಗೆ ಜೋಶಿಯವರಿಗೆ ಸಕ್ಕರೆ ಕಡಿಮೆ, ಕುಲಕರ್ಣಿಯವರಿಗೆ ಖಡಕ್ ಚಹಾ ಎಂದು ಗೊತ್ತಿತ್ತು. ಈಗ ಹಿಂಜವಡಿಯಿಂದ ವಾರಕ್ಕೆ ನಾಲ್ಕು ಸಲ ಇಡ್ಲಿ ತರಿಸುವವನ ಹೆಸರಿನ ಮೊದಲ ಭಾಗವಷ್ಟೇ ನಮಗೆ ಕಾಣುತ್ತದೆ. ನಂಬರು, ವಿಳಾಸ, ರುಚಿ ಎಲ್ಲವೂ ಕಂಪೆನಿಯ ಬಳಿ. ನಾಳೆ ಅದೇ ಕಂಪೆನಿ ಅವನ ಮೊಬೈಲಿನಲ್ಲಿ ನಮ್ಮ ಹೆಸರನ್ನು ಕೆಳಗೆ ತಳ್ಳಿ ಇನ್ನೊಬ್ಬರನ್ನು ಮೇಲೆ ತೋರಿಸಿದರೆ ನಮಗೆ ಗೊತ್ತೂ ಆಗುವುದಿಲ್ಲ. ಇದು ನಮ್ಮೊಬ್ಬರ ಗೊಣಗಾಟವಲ್ಲ. 2019ರ ಆಗಸ್ಟ್‌ನಲ್ಲಿ ಭಾರೀ ರಿಯಾಯಿತಿಗಳ ವಿರುದ್ಧ ‘ಲಾಗ್‌ಔಟ್’ ಚಳವಳಿ ನಡೆಯಿತು. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘಟನೆಯು ಕಾಂಪಿಟಿಷನ್ ಕಮಿಷನ್ನಿಗೆ ದೂರು ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ತನಿಖೆಗೆ ಆದೇಶವಾಯಿತು. ಮುಂಬಯಿಯಲ್ಲಿ ನಮ್ಮವರೇ ಬಹುಸಂಖ್ಯೆಯಲ್ಲಿರುವ ‘ಆಹಾರ್’ ಸಂಘದ ಬೆಂಬಲದೊಂದಿಗೆ 2023ರ ಮೇ ತಿಂಗಳಲ್ಲಿ ಕಮಿಷನ್ ಇಲ್ಲದ ‘ವಾಯು’ ಆಪ್ ಹೊರಬಂತು. ಅದರ ಪ್ರಚಾರಕ್ಕೆ ನಿಂತವರು ನಟ ಸುನೀಲ್ ಶೆಟ್ಟಿ. ಸಂಘಟನೆ ಬಲವಾಗಿದ್ದರೆ ದಾರಿ ಹುಡುಕಬಹುದು ಎನ್ನುವುದಕ್ಕೆ ಅದೊಂದು ನಿದರ್ಶನ. ಆದರೆ ಗಿರಾಕಿಯ ಬೆರಳು ಅಭ್ಯಾಸವಾದ ಕಡೆಗೇ ಹೋಗುತ್ತದೆ, ಅದನ್ನು ತಿರುಗಿಸುವುದು ಸುಲಭವಲ್ಲ.

ಇನ್ನು ನಕ್ಷತ್ರಗಳ ವಿಚಾರ. ನನ್ನದೇ ಅನುಭವ ಹೇಳುತ್ತೇನೆ. ಒಂದು ಬೆಳಗ್ಗೆ ನಮ್ಮ ಹೋಟೆಲಿಗೆ ಒಂದೇ ನಕ್ಷತ್ರ ಬಿದ್ದಿತ್ತು. ‘ಮಟನ್ ಗಟ್ಟಿಯಾಗಿತ್ತು, ಮಾಲೀಕರ ಮಾತು ಒರಟು.’ ನಮ್ಮದು ಶುದ್ಧ ಶಾಕಾಹಾರಿ! ಶ್ರೀಕೃಷ್ಣ, ಗಣೇಶ, ಮೂಕಾಂಬಿಕಾ, ದುರ್ಗಾ — ದೇವರ ಹೆಸರಿಡುವ ನಮ್ಮ ಪದ್ಧತಿಯಿಂದ ಒಂದೇ ಊರಿನಲ್ಲಿ ಒಂದೇ ಹೆಸರಿನ ಹತ್ತು ಬೋರ್ಡುಗಳು. ಬೈಗುಳ ವಿಳಾಸ ತಪ್ಪಿ ಬಂದಿತ್ತು. ನನ್ನ ಮಗ ಸಿಟ್ಟಿನಲ್ಲಿ ಉತ್ತರ ಬರೆದ. ಆತ ಇನ್ನಷ್ಟು ಬರೆದ. ಅವನ ಸ್ನೇಹಿತರಿಬ್ಬರು ನಮ್ಮಲ್ಲಿಗೆ ಕಾಲಿಡದೆಯೇ ಮತ್ತೆರಡು ಒಂದು ನಕ್ಷತ್ರ ಕೊಟ್ಟರು. ತೆಗೆಸಲು ಮೂರು ತಿಂಗಳು ಬರೆದೆವು. ಒಂದು ಹೋಯಿತು, ಎರಡು ಇನ್ನೂ ಇವೆ. ‘ಸಾಂಬಾರು ಎರಡನೇ ಸಲ ಕೇಳಿದರೆ ಬಿಲ್ ಹಾಕುತ್ತಾರೆ’ ಎಂಬುದೂ ಒಂದಿದೆ. ಅದು ನಿಜ. ಅದಕ್ಕೆ ಬೇಸರಿಸಿ ಪ್ರಯೋಜನವಿಲ್ಲ. ರೇಟ್ ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆಸಿದ್ದೇವೆ.

ಒಳ್ಳೆಯ ನಕ್ಷತ್ರಗಳೂ ಎಲ್ಲವೂ ನಂಬುವಂಥವಲ್ಲ. 2023ರಲ್ಲಿ ಪುಣೆ, ಪಿಂಪ್ರಿ-ಚಿಂಚ್ವಡ ಪೊಲೀಸರ ಬಳಿ ‘ಟಾಸ್ಕ್’ ವಂಚನೆಯ ದೂರುಗಳು ಸಾಲುಸಾಲಾಗಿ ಬಂದವು. ಮನೆಯಲ್ಲೇ ಕೂತು ಹೋಟೆಲುಗಳಿಗೆ ಐದು ನಕ್ಷತ್ರ ಕೊಡಿ, ಒಂದೊಂದಕ್ಕೆ ಇಷ್ಟು ಹಣ ಎಂದು ವಾಟ್ಸ್‌ಆಪ್‌ನಲ್ಲಿ ಕರೆ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿ ಖಾತೆಗೆ ಬರುತ್ತದೆ. ನಂಬಿಕೆ ಕುದುರಿದ ಮೇಲೆ ‘ಪ್ರೀಪೇಡ್ ಟಾಸ್ಕ್’ ಎಂದು ಲಕ್ಷಗಟ್ಟಲೆ ಕಟ್ಟಿಸಿಕೊಂಡು ಮಾಯ. ಇಂಜಿನಿಯರುಗಳೂ ಮೋಸಹೋದರು. ನಾವು ಬೆವರು ಸುರಿಸಿ ಗಳಿಸಬೇಕಾದ ಐದು ನಕ್ಷತ್ರ ಅಲ್ಲಿ ಬರೇ ಗಾಳಕ್ಕೆ ಹಾಕುವ ಹುಳು. ಕೇಂದ್ರ ಸರಕಾರ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿತು. ಬರೆದವನು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಬಾರದು ಎಂಬುದು ಅದರ ಸಾರ. ಆದರೆ ಅದು ಬಂದದ್ದು ಕಡ್ಡಾಯವಾಗಿ ಅಲ್ಲ, ಐಚ್ಛಿಕವಾಗಿ. ಐಚ್ಛಿಕವೆಂದರೆ ಏನೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ವಂಚಕರಿಗೆ ನಮ್ಮ ಹೆಸರೂ ಬಂಡವಾಳವೇ. ಕಾರ್ಕಳದ ಜಯರಾಮ್ ಬನಾನ್ 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲನಿಯಲ್ಲಿ ಶುರುಮಾಡಿ ಬೆಳೆಸಿದ ಸಾಗರ್ ರತ್ನದ ಹೆಸರಿನಲ್ಲಿ ಫೇಸ್‌ಬುಕ್‌ನಲ್ಲಿ ಸುಳ್ಳು ಜಾಹೀರಾತು ಹಾಕಿ, ‘ಒಂದು ಥಾಲಿಗೆ ಒಂದು ಥಾಲಿ ಉಚಿತ’ ಎಂದು ಆಸೆ ತೋರಿಸಿ, ಒಂದು ಆಪ್ ಇಳಿಸಿಕೊಳ್ಳಲು ಹೇಳಿ, ದೆಹಲಿಯ ಮಹಿಳೆಯೊಬ್ಬರ ಕಾರ್ಡಿನಿಂದ 90,000 ರೂಪಾಯಿ ಲಪಟಾಯಿಸಿದ ಪ್ರಕರಣ 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಹೋಟೆಲಿನವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. ನಿಮ್ಮ ಹೋಟೆಲಿನ ಹೆಸರನ್ನು ವಾರಕ್ಕೊಮ್ಮೆ ನೀವೇ ಮೊಬೈಲಿನಲ್ಲಿ ಹುಡುಕಿ ನೋಡಿ. ನಕಾಶೆಯಲ್ಲಿ ತೋರಿಸುವ ಫೋನ್ ನಂಬರು ನಿಮ್ಮದೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ. ಆ ಪುಟದ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಪಡೆದುಕೊಳ್ಳಲು ಖರ್ಚಿಲ್ಲ.

ಸೈನ್ಯದ ಹೆಸರಿನ ಮೋಸ ಪುಣೆಯಂತಹ ದಂಡಿನ ಊರಿನಲ್ಲಿ ಇನ್ನೂ ಸುಲಭ. ‘ನಾಳೆ ನಮ್ಮ ಜವಾನರಿಗೆ 50 ಥಾಲಿ ಬೇಕು’ ಎಂದು ಕರೆ ಬರುತ್ತದೆ. ಚೌಕಾಸಿ ಇಲ್ಲ, ಗುರುತಿನ ಚೀಟಿಯ ಫೋಟೋವನ್ನೂ ಕಳಿಸುತ್ತಾರೆ. ಅಡುಗೆ ತಯಾರಾದ ಮೇಲೆ ‘ನಮ್ಮಲ್ಲಿ ಹಣ ಕೊಡುವ ರೀತಿಯೇ ಬೇರೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತದೆ’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಹಾಕುವ ಪದ್ಧತಿಯೇ ಯುಪಿಐಯಲ್ಲಿ ಇಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮ ದುಡ್ಡು. ಖಾತೆಯೂ ಖಾಲಿ, 50 ಥಾಲಿಯೂ ತಣ್ಣಗೆ! ಹೀಗಾದರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗಲ್ಲೆಯಲ್ಲಿ ನೀವಿಲ್ಲದಾಗ ಕೂರುವ ಭಾವನಿಗೂ ಮ್ಯಾನೇಜರಿಗೂ ಇದನ್ನು ಹೇಳಿಡಿ. ಮೋಸಗಾರರು ಫೋನ್ ಮಾಡುವುದು ಹೆಚ್ಚಾಗಿ ಮಧ್ಯಾಹ್ನದ ಗಲಾಟೆಯ ಹೊತ್ತಿಗೇ.

ಯುಪಿಐಯಿಂದ ಚಿಲ್ಲರೆಯ ಜಗಳ ಮುಗಿಯಿತು, ಒಂದು ರೂಪಾಯಿಗೆ ಬದಲು ಚಾಕಲೇಟು ಕೊಡುವ ಕಾಲ ಹೋಯಿತು. ಅದು ಸಂತೋಷ. ಆದರೆ ಪ್ರತಿ ಚಹಾಕ್ಕೂ ದಾಖಲೆ ಉಳಿಯುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಿಗೆ ನೋಟೀಸು ಕೊಟ್ಟಾಗ ಕೆಲವರು ಕ್ಯೂಆರ್ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬೋರ್ಡು ತೂಗಿದರು. ನಮ್ಮ ಸದಸ್ಯರ ಊರಿನ ಬಂಧುಗಳಲ್ಲೂ ಅಂಥವರಿದ್ದಾರೆ. ಮನೆಯವರ ನಡುವಿನ ಕೊಡುಕೊಳ್ಳುವಿಕೆಯನ್ನೂ ವ್ಯಾಪಾರವನ್ನೂ ಒಂದೇ ನಂಬರಿನಲ್ಲಿ ನಡೆಸುವವರು ಇವತ್ತೇ ಬೇರೆ ಮಾಡುವುದು ಲೇಸು.

ರೀಲ್ಸ್ ಮಾಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪುಕ್ಕಟೆ ಊಟ ಮಾಡಿ, ಮೇಲೆ ಹಣವನ್ನೂ ಕೇಳಿ, ಕೊಡದಿದ್ದರೆ ‘ನೋಡಿಕೊಳ್ಳುತ್ತೇನೆ’ ಎನ್ನುವವರಿಗೆ ಅಂಜಬೇಕಾಗಿಲ್ಲ. ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಹಾಗೆಂದೇ ಹೇಳಬೇಕೆಂದು ಕೇಂದ್ರ ಗ್ರಾಹಕ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರತಿ ತೋರಿಸಿದರೆ ಅರ್ಧ ಮಂದಿ ಎದ್ದುಹೋಗುತ್ತಾರೆ. ಉಳಿದರ್ಧ ಹುಡುಗ ಹುಡುಗಿಯರು ಪ್ರಾಮಾಣಿಕವಾಗಿಯೇ ನಮ್ಮ ನೀರುದೋಸೆ, ಗೋಳಿಬಜೆಗಳನ್ನು ಊರಿಗೆಲ್ಲ ಪರಿಚಯಿಸಿದ್ದಾರೆ. ಅವರಿಗೆ ಒಂದು ಫಿಲ್ಟರ್ ಕಾಫಿ ಕೊಡುವುದರಲ್ಲಿ ತಪ್ಪಿಲ್ಲ.

ಕಮಿಷನ್ ವಿಚಾರದಲ್ಲಿ ನಾವು ಒಬ್ಬೊಬ್ಬರೇ ಮಾತನಾಡಿದರೆ ಎದುರಿಗೆ ಕೂರುವವನು ಆರು ತಿಂಗಳಿಗೊಮ್ಮೆ ಬದಲಾಗುವ ಒಬ್ಬ ಹುಡುಗ. ಅವನ ಕೈಯಲ್ಲಿ ಏನೂ ಇಲ್ಲ. ಒಂದೇ ರಸ್ತೆಯ, ಒಂದೇ ವ್ಯಾಪಾರದ ಇಬ್ಬರು ಸದಸ್ಯರಿಗೆ ಬೇರೆ ಬೇರೆ ಕಮಿಷನ್ ಇರುವುದು ಚಹಾ ಕುಡಿಯುವಾಗ ಗೊತ್ತಾಗುತ್ತದೆ, ಕಾಗದದಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಸದಸ್ಯ ಬಾಂಧವರು ಕಳೆದ ಮೂರು ತಿಂಗಳ ವಾರದ ಪೇಮೆಂಟ್ ಸ್ಟೇಟ್‌ಮೆಂಟುಗಳ ಪ್ರತಿಯನ್ನು ಮುಂದಿನ ಮಾಸಿಕ ಸಭೆಗೆ ತರಬೇಕಾಗಿ ವಿನಂತಿ. ಹೋಟೆಲಿನ ಹೆಸರು ಮುಚ್ಚಿ ಕೊಟ್ಟರೂ ನಡೆಯುತ್ತದೆ. ಕಮಿಷನ್, ಜಾಹೀರಾತು, ರದ್ದಾದ ಆರ್ಡರಿನ ಕಡಿತ — ಈ ಮೂರು ಸಾಲುಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಂದರೆ ಪಟ್ಟಿ ಮಾಡುವ ನಮ್ಮ ಕೆಲಸ ಹಗುರವಾಗುತ್ತದೆ.