ಶಾಲೆಯ ಹೊರಗೋಡೆಗೆ ರೇಖಾಚಿತ್ರ: ಉಕ್ಕಡಂ ಗೋಡೆಗಳನ್ನು ಕಂಡು ಯೋಚಿಸಬೇಕಾದದ್ದು

ಕೊಯಮತ್ತೂರಿನ ಉಕ್ಕಡಂ ಎಂಬ ಹೆಸರು ಕಿವಿಗೆ ಬಿದ್ದಾಗ ಕನ್ನಡಿಗರಿಗೆ ಶ್ರೀರಂಗಪಟ್ಟಣದ ಬಳಿಯ ಆರತಿ ಉಕ್ಕಡ ನೆನಪಾಗದೆ ಇರದು. ಉಕ್ಕಡವೆಂದರೆ ನಮ್ಮ ನುಡಿಯಲ್ಲಿ ಕಾವಲು ಠಾಣೆ. ಪೆರಿಯಕುಳಂ ಕೆರೆಯ ಮಗ್ಗುಲಿನ ಈ ಬಡಾವಣೆ ಈಗ ಗೋಡೆಚಿತ್ರಗಳಿಗೂ ಹೆಸರಾಗಿದೆ. ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನವು ಏಷ್ಯನ್ ಪೇಂಟ್ಸ್ ಸಹಯೋಗದಲ್ಲಿ ಇಲ್ಲಿನ ವಸತಿ ಸಮುಚ್ಚಯಗಳ ಹೊರಗೋಡೆಗಳ ಮೇಲೆ ಬೃಹತ್ ಚಿತ್ರಗಳನ್ನು ಬರೆಸಿದೆ. ದೆಹಲಿಯ ಲೋಧಿ ಕಾಲೊನಿ, ಚೆನ್ನೈನ ಕಣ್ಣಗಿ ನಗರಗಳ ಚಿತ್ರಗಳೂ ಇದೇ ಸಂಸ್ಥೆಯವು.

ಅಂತಹ ವರ್ಣಮಯ ಚಿತ್ರಗಳಿಗೆ ಎತ್ತರದ ಯಂತ್ರಗಳೂ ಅಪಾರ ಬಣ್ಣವೂ ಬೇಕು. ಗಡಿನಾಡಿನ ಸಣ್ಣ ಕನ್ನಡ ಶಾಲೆಗೆ ಅದು ನಿಲುಕುವ ಮಾತಲ್ಲ. ನಿಲುಕುವುದು ರೇಖಾಚಿತ್ರ. ಬಿಳಿಯ ಗೋಡೆ, ಕಪ್ಪು ಗೆರೆ, ಅಷ್ಟೇ. ಇದನ್ನು ಬಡವರ ಕಲೆಯೆಂದು ಎಣಿಸಬೇಕಿಲ್ಲ. 2014ರಲ್ಲಿ ದೆಹಲಿ ಪೊಲೀಸ್ ಕೇಂದ್ರ ಕಚೇರಿಯ ಗೋಡೆಯ ಮೇಲೆ ಜರ್ಮನಿಯ ಹೆಂಡ್ರಿಕ್ ಬೈಕಿರ್ಶ್ ಹಾಗೂ ಬೆಂಗಳೂರಿನ ಅನ್ಪು ವರ್ಕಿ ರಚಿಸಿದ ಗಾಂಧೀಜಿಯವರ ಚಿತ್ರವೂ ಕಪ್ಪು ಬಿಳುಪಿನದೇ. ಇನ್ನೂ ಹತ್ತಿರದ ಮಾದರಿ ಬೇಕಿದ್ದರೆ ಮಲೆನಾಡಿನ ದೀವರ ಹೆಣ್ಣುಮಕ್ಕಳ ಚಿತ್ತಾರವಿದೆ: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಎಳೆ ಎಳೆಯಾಗಿ ಸಾಗುವ ಗೆರೆಗಳೇ ಅದರ ಜೀವಾಳ.

ಕಟ್ಟಡವನ್ನೇ ಕಲಿಕೆಯ ಸಾಧನವಾಗಿಸುವ ‘ಬಾಲಾ’ ಪರಿಕಲ್ಪನೆ ಶಿಕ್ಷಕರಿಗೆ ಪರಿಚಿತ. ಬಾಗಿಲು ತೆರೆಯುವೆಡೆ ನೆಲದ ಮೇಲೆ ಕೋನಗಳನ್ನು ಗುರುತಿಸುವಂತಹ ಉಪಾಯಗಳು ಅದರವು. ಅವು ಒಳಗಿರುವ ಮಕ್ಕಳಿಗಾಗಿ. ಹೊರಗೋಡೆ ಮಾತನಾಡುವುದು ಬೀದಿಯೊಡನೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುತ್ತದೆ. ಆದರೆ ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಆ ಸೌಲಭ್ಯ ಕಾಗದದಲ್ಲಷ್ಟೇ ಉಳಿಯುತ್ತದೆ. ತಮಿಳು ಅಥವಾ ಮಲಯಾಳದ ಫಲಕಗಳ ನಡುವೆ ಹಾದುಹೋಗುವ ಕನ್ನಡ ಮನೆಯವರಿಗೆ ಇಲ್ಲೊಂದು ಕನ್ನಡ ಶಾಲೆಯಿದೆ ಎಂದು ತಿಳಿಯಬೇಕಾದರೆ, ಮಾಸಿದ ನಾಮಫಲಕವೊಂದೇ ಸಾಲದು.

ಬರೆಯುವ ಕ್ರಮ ಕಠಿಣವಲ್ಲ. 30 ಸೆಂಟಿಮೀಟರ್ ಅಗಲದ ಕಾಗದದ ಚಿತ್ರವನ್ನು 6 ಮೀಟರ್ ಗೋಡೆಗೆ ಏರಿಸುವುದೆಂದರೆ ಇಪ್ಪತ್ತು ಪಟ್ಟು ಹಿಗ್ಗಿಸುವುದು. ಕಾಗದದಲ್ಲಿ 2 ಸೆಂಟಿಮೀಟರಿನ ಚೌಕಗಳನ್ನು ಎಳೆದರೆ ಗೋಡೆಯಲ್ಲಿ ಅವು 40 ಸೆಂಟಿಮೀಟರ್ ಆಗುತ್ತವೆ. ಒಂದೊಂದು ಚೌಕದ ಗೆರೆಯನ್ನು ಅದರದರ ಚೌಕಕ್ಕೆ ಇಳಿಸುತ್ತ ಹೋದರಾಯಿತು. ಒಂದು ಮಿಲಿಮೀಟರಿನ ಪೆನ್ನಿನ ಗೆರೆ 2 ಸೆಂಟಿಮೀಟರಿನ ಕುಂಚದ ಗೆರೆಯಾಗಬೇಕು. ಇದನ್ನು ಮರೆತು ಸಣ್ಣ ಕುಂಚ ಹಿಡಿದರೆ ರಸ್ತೆಯಾಚೆಯಿಂದ ಏನೂ ಕಾಣದು. ಏಳನೆಯ ತರಗತಿಯ ಮಕ್ಕಳಿಗೆ ಅನುಪಾತದ ಪಾಠ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಕ್ಕೀತು!

ಕಪ್ಪು ಬಿಳುಪಿನ ಚಿತ್ರದಲ್ಲಿ ನೀರಿನ ಕಲೆ ಎದ್ದು ಕಾಣುತ್ತದೆ. ಆದ್ದರಿಂದ ಮೊದಲು ಸೋರಿಕೆ, ಬಿರುಕುಗಳನ್ನು ಸರಿಪಡಿಸಿ, ಪ್ರೈಮರ್ ಹಾಗೂ ಹೊರಗೋಡೆಗೆಂದೇ ಇರುವ ಎಮಲ್ಷನ್ ಹಚ್ಚಬೇಕು. ಹೊಸ ಗಾರೆಯಾದರೆ ನಾಲ್ಕು ವಾರವಾದರೂ ಕಾಯಬೇಕು. ಕೊಯಮತ್ತೂರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರು, ಕಾಸರಗೋಡಿನಲ್ಲಿ ಜೂನಿನ ಮುಂಗಾರು, ಇವುಗಳನ್ನು ತಪ್ಪಿಸಿ ಜನವರಿ, ಫೆಬ್ರವರಿಯಲ್ಲಿ ಕೆಲಸ ಹಿಡಿಯುವುದು ಲೇಸು.

ಹೆಚ್ಚಿನ ಎಚ್ಚರ ಬೇಕಾದದ್ದು ಅಕ್ಷರಗಳಲ್ಲಿ. ಕನ್ನಡ ಓದಲು ಬಾರದ ಕಲಾವಿದರು ಅಕ್ಷರವನ್ನು ಆಕಾರವೆಂದೇ ನಕಲು ಮಾಡುತ್ತಾರೆ, ತಪ್ಪು ಅವರದಲ್ಲ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಪ’ ಮತ್ತು ‘ಫ’ಗಳ ನಡುವೆ ಇರುವುದು ಅಡಿಯಲ್ಲಿನ ಒಂದು ಚಿಕ್ಕ ಸೀಳು. ಗೆರೆಯೇ ಸರ್ವಸ್ವವಾದ ಚಿತ್ರದಲ್ಲಿ ಆ ಸೀಳು ಅಲಂಕಾರದ ಗೆರೆಯೆಂದು ತೋರಿ ಅಳಿಯುವುದುಂಟು. ಒತ್ತಕ್ಷರ ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ತಗಲುವುದುಂಟು, ಅರ್ಕಾವತ್ತು ಕಾಣೆಯಾಗುವುದುಂಟು. ಮಕ್ಕಳು ದಿನವೂ ನೋಡುವ ಗೋಡೆಯಲ್ಲಿ ಇಂತಹ ತಪ್ಪು ವರ್ಷಗಟ್ಟಲೆ ನಿಲ್ಲುತ್ತದೆ. ಸೀಮೆಸುಣ್ಣದ ಗೆರೆ ಮುಗಿದ ಕೂಡಲೇ, ಕಪ್ಪು ಬಣ್ಣ ತೆರೆಯುವ ಮುನ್ನ, ಕನ್ನಡ ಶಿಕ್ಷಕರೊಬ್ಬರು ಏಣಿ ಹತ್ತಿ ಪ್ರತಿಯೊಂದು ಅಕ್ಷರವನ್ನೂ ಓದಬೇಕು.

ಏನನ್ನು ಬರೆಯಬೇಕೆಂಬುದು ಆಯಾ ಊರಿನ ಮಾತು. ಕಾಡುಪ್ರಾಣಿ, ರಾಕೆಟ್, ಭೂಗೋಳಗಳು ಎಲ್ಲೆಡೆ ಇವೆ. ಕೊಯಮತ್ತೂರು ಸೀಮೆಯ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮಗ್ಗ ಅಥವಾ ತಾಳವಾಡಿಯ ಬೆಟ್ಟಸಾಲು ಗೆರೆಯಲ್ಲಿ ಮೂಡಿದರೆ, ಅದನ್ನು ಕಂಡ ಅಜ್ಜಿಯೂ ನಿಂತು ಮೊಮ್ಮಗುವಿಗೆ ಹೆಸರು ಹೇಳಿಯಾರು.

ಚೌಕ ಎಳೆದ ಮೂಲ ಕಾಗದವನ್ನೂ ಬಣ್ಣದ ಡಬ್ಬಿಯ ಮೇಲಿನ ಸಂಖ್ಯೆಯನ್ನೂ ರಕ್ಷಕ-ಶಿಕ್ಷಕ ಸಂಘದ ಕಡತದಲ್ಲಿ ಇರಿಸಿಕೊಳ್ಳಬೇಕು. ಗೆರೆ ಮಾಸಿದಾಗ ಮುಂದಿನ ತಂಡದ ಮಕ್ಕಳು ಅದನ್ನೇ ನೋಡಿ ಮತ್ತೆ ತಿದ್ದಬಹುದು.