ನಮ್ಮ ಮನೆತನದ ಮೂಲಪುರುಷ ಯಾರು?

ಮಗುವನ್ನು ಶಾಲೆಗೆ ಸೇರಿಸಲು ಬರುವ ಪಾಲಕರು ತಮ್ಮ ತಂದೆಯ ಹೆಸರನ್ನು ಥಟ್ಟನೆ ಹೇಳುತ್ತಾರೆ. ಅಜ್ಜನ ಹೆಸರಿಗೆ ತುಸು ತಡವರಿಸುತ್ತಾರೆ. ಮುತ್ತಜ್ಜನ ಹೆಸರನ್ನು ಕೇಳಿದರೆ ಸುಮ್ಮನಾಗುತ್ತಾರೆ. ಆದರೂ “ಈ ಊರು ಕಟ್ಟಿದವರು ನಮ್ಮ ಹಿರಿಯರೇ” ಎಂಬ ಮಾತು ಮಾತ್ರ ಪ್ರತಿ ಮನೆಯಲ್ಲಿಯೂ ಉಂಟು.

ಇಂಥ ಅಭಿಮಾನ ಎಲ್ಲ ದೇಶಗಳಲ್ಲಿಯೂ ಇದೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕೆಗೆ, 1788ರಲ್ಲಿ ಮೊದಲ ನೌಕಾಪಡೆಯಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿಳಿದವರ ವಂಶಸ್ಥರು ಇಂದಿಗೂ ತಮ್ಮ ಮೂಲವನ್ನು ಹುಡುಕುತ್ತಾರೆ. ಅವರಿಗೆ ಹಡಗಿನ ಪ್ರಯಾಣಿಕರ ಹೆಸರುಗಳು ದೊರೆಯುತ್ತವೆ. ಬರಗಾಲಕ್ಕೆ ಬೆದರಿಯೋ ಹೊಲ ಹುಡುಕಿಕೊಂಡೋ ಬಂಡಿ ಕಟ್ಟಿ ಬಂದ ನಮ್ಮ ಹಿರಿಯರ ಪಟ್ಟಿಯನ್ನು ಯಾರು ಬರೆದಿಟ್ಟರು?

ಬರೆದಿಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ಒಕ್ಕಲು ಮನೆಯ ಬಾಗಿಲಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳುವುದು ಅವರ ಕುಲಕಸುಬು. ವಂಶವು ಯಾವ ಊರಿನಿಂದ ಹೊರಟಿತು, ಎಲ್ಲಿ ಕವಲೊಡೆಯಿತು, ಮನೆದೇವರು ಯಾರು ಎಂಬುದೆಲ್ಲ ಅವರ ಹೊತ್ತಿಗೆಯಲ್ಲಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಪಾತ್ರೆಗಳನ್ನು ಕಾಣಿಕೆಯಾಗಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ತೆಲುಗು ನಾಡಿನಲ್ಲಿ ಇದೇ ಕೆಲಸವನ್ನು ಮಾಡುವವರು ಪಿಚ್ಚಗುಂಟ್ಲರು. ವಂಶರಾಜರೆಂಬುದು ಅವರ ಇಂದಿನ ಹೆಸರು.

ಎರಡನೆಯ ಆಧಾರ ಸರಕಾರಿ ಕಾಗದ. ನಿಜಾಮರ ಆಡಳಿತದಲ್ಲಿ 1884ರಿಂದ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಆ ಕಾಲದ ಜಮೀನು ದಾಖಲೆಗಳಲ್ಲಿ ಪಟ್ಟೇದಾರನ ಹೆಸರಿನೊಡನೆ ‘ವಲದ್’ ಎಂದು ತಂದೆಯ ಹೆಸರೂ ಇರುವುದರಿಂದ ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿದಂತಾಗುತ್ತದೆ. ಅಲ್ಲಿಯ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬರುತ್ತದೆ: 1364ನೆಯ ಫಸಲಿಯೆಂದರೆ 1954–55; ಖಾಸ್ರಾ ಪಹಣಿ ಆ ವರ್ಷದ್ದು. ಉರ್ದು ಲಿಪಿಯಲ್ಲಿ ‘ಣ’ಕಾರವಿಲ್ಲ, ‘ಳ’ಕಾರವೂ ಇಲ್ಲ. ಶರಣಪ್ಪನು ಶರನಪ್ಪನಾಗಿ, ಕರಣಕೋಟವು ಕರನಕೋಟವಾಗಿ ಕಂಡರೆ ಬೇರೆ ಮನುಷ್ಯ, ಬೇರೆ ಊರು ಎಂದು ಭಾವಿಸಬಾರದು.

ದಾಖಲೆ ಹುಡುಕುವವರಿಗೆ ನಮ್ಮ ಗಡಿಯ ಇತಿಹಾಸವೂ ತಿಳಿದಿರಬೇಕು. ತಾಂಡೂರು ತಾಲೂಕು 1956ರ ವರೆಗೆ ಕಲಬುರ್ಗಿ ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಹೈದರಾಬಾದ್ ಜಿಲ್ಲೆಗೂ ಕೊಡಂಗಲ್ ತಾಲೂಕು ಮಹಬೂಬನಗರಕ್ಕೂ ಹೋದವು. ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಮೆದಕ್ ಸೇರಿದವು. ಮುಂದೆ ತಾಂಡೂರು 1978ರಲ್ಲಿ ರಂಗಾರೆಡ್ಡಿ ಜಿಲ್ಲೆಗೆ, 2016ರಲ್ಲಿ ವಿಕಾರಾಬಾದ್ ಜಿಲ್ಲೆಗೆ ಸೇರಿತು. ಮನೆಯ ಹೊಸ್ತಿಲನ್ನು ಬಿಟ್ಟು ಕದಲದ ಕುಟುಂಬದ ಕಾಗದಗಳೂ ಹೀಗೆ ನಾಲ್ಕು ಜಿಲ್ಲೆಗಳ ಹೆಸರು ಹೊತ್ತಿವೆ. ಕನ್ನಡದಲ್ಲಿ ಕೊನೆಗೆ ಬರುವ ಅಡ್ಡಹೆಸರು ತೆಲುಗು ಪದ್ಧತಿಯಂತೆ ಮೊದಲಿಗೆ ಬಂದು, ಕೇವಲ ಒಂದು ಅಕ್ಷರವಾಗಿ ಉಳಿದಿರುವುದುಂಟು. ಶಾಲೆಯ ದಾಖಲಾತಿ ರಿಜಿಸ್ಟರೂ ಉಪಯುಕ್ತವೇ. ಆದರೆ ಹಳೆಯ ರಿಜಿಸ್ಟರುಗಳ ಜನ್ಮದಿನಾಂಕಗಳಲ್ಲಿ ಎಷ್ಟೋ ಅಂದಾಜಿನವು. ತಂದೆಯ ಹೆಸರು ನಂಬಲರ್ಹ, ತಾರೀಖು ಅಷ್ಟಲ್ಲ.

ಇಷ್ಟೆಲ್ಲ ದೊರೆತರೂ ವಂಶವೃಕ್ಷದ ಅರ್ಧಭಾಗ ಬರಿದಾಗಿಯೇ ಉಳಿಯುತ್ತದೆ. ಹೆಳವರ ವರಸೆ ಗಂಡುಮಕ್ಕಳ ವರಸೆ. ಪಟ್ಟೇದಾರನೂ ಸಾಮಾನ್ಯವಾಗಿ ಗಂಡಸೇ. ಸೇಡಮ್ಮಿನಿಂದಲೋ ಚಿಂಚೋಳಿಯಿಂದಲೋ ಸೊಸೆಯಾಗಿ ಬಂದ ಅಜ್ಜಿಯ ಹೆಸರು ಯಾವ ಕಾಗದದಲ್ಲಿದೆ? ಗಡಿಯಾಚೆಯ ಬಂಧುಬಳಗವನ್ನು ಇಂದಿಗೂ ಹಿಡಿದಿಟ್ಟಿರುವುದು ಅವಳ ತವರು. ನಮ್ಮ ಮನೆಗಳಲ್ಲಿ ಕನ್ನಡ ಉಳಿದುದರಲ್ಲಿ ಅಜ್ಜಿಯರ ಪಾಲು ದೊಡ್ಡದು. ಆಕೆಯ ತಾಯಿ ಯಾರು, ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟರು ಎಂಬುದನ್ನು ಬಲ್ಲವಳು ಆಕೆಯೊಬ್ಬಳೇ. ಕಚೇರಿಯ ಕಾಗದ ಮುಂದಿನ ವರ್ಷವೂ ಸಿಕ್ಕೀತು. ಎಂಬತ್ತು ದಾಟಿದ ಆಕೆಯನ್ನು ಮಾತ್ರ ಈಗಲೇ ಕೇಳಬೇಕು.

ಆದುದರಿಂದ ಓದುಗ ಬಂಧುಗಳಲ್ಲಿ ನನ್ನದೊಂದು ಅರಿಕೆ. ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಕೊಳ್ಳಿರಿ. ಮೊದಲು ಮನೆಯ ಅಜ್ಜಿಯ ಮಾತು, ಬಳಿಕ ಅಜ್ಜನ ಮಾತು ಬರೆದುಕೊಳ್ಳಿರಿ. ಹೆಣ್ಣುಮಕ್ಕಳ ಹೆಸರನ್ನೂ ಅವರನ್ನು ಕೊಟ್ಟ ಊರನ್ನೂ ಬಿಡಬೇಡಿರಿ. ಮೂಲ ಊರಿನ ಅಣ್ಣತಮ್ಮಂದಿರ ಮನೆಗೆ ಹೆಳವರು ಬರುವುದುಂಟೇ, ಯಾವಾಗ ಬರುತ್ತಾರೆ ಎಂದು ವಿಚಾರಿಸಿ, ಆ ಹೊತ್ತಿಗೆ ಅಲ್ಲಿರಿ. ಅವರು ಹೇಳುವುದು ಹೊಗಳಿಕೆಯೊಡನೆ ಬೆರೆತಿರುವುದರಿಂದ ಪಹಣಿಯೊಡನೆ ಹೋಲಿಸಿ ನೋಡಿರಿ. ಕುಲದ ಹೆಮ್ಮೆ ಕೊಚ್ಚಿಕೊಳ್ಳುವುದಕ್ಕಾಗಿ ಈ ಶ್ರಮವಲ್ಲ. ಏಳೆಂಟು ತಲೆಮಾರು ಹಿಂದೆ ಹೋದರೆ ನಾವೆಲ್ಲರೂ ಯಾವುದೋ ಬರಗಾಲದಲ್ಲಿ ಇನ್ನೊಬ್ಬರ ಊರಿನ ಆಸರೆ ಬೇಡಿ ಬಂದವರೇ ಆಗಿರಬಹುದು.

ಶಾಲೆಯಲ್ಲಿ ತೆಲುಗು ಓದುವ ಮೊಮ್ಮಕ್ಕಳಿರುವ ಮನೆಗಳಲ್ಲಿ ಆ ಪುಸ್ತಕವನ್ನು ಕನ್ನಡದಲ್ಲಿ ಬರೆದು, ಮಕ್ಕಳ ಕೈಯಿಂದಲೇ ಒಂದೊಂದು ಹೆಸರನ್ನು ಓದಿಸಿರಿ. ತಮ್ಮವರ ಹೆಸರುಗಳಿಂದಲೇ ಅವರ ಅಕ್ಷರಾಭ್ಯಾಸವೂ ಆದೀತು.